ಕೈಯಳತೆ

ಬಳೆಪೇಟೆಯ ಅಂಗಡಿಯವರು ಡಬ್ಬಿ ಬಿಚ್ಚುವ ಮೊದಲೇ ಕೇಳಿದರು: "ಅಳತೆ ಎಷ್ಟು ಸಾರ್?"

ನಾನು ಬಣ್ಣ ಯೋಚಿಸಿಕೊಂಡು ಹೋಗಿದ್ದೆ. ಎಷ್ಟು ಡಜನ್ ಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಅಳತೆ ಬರೆದಿರಲಿಲ್ಲ. ತಂಗಿಯ ಕೈಯನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ. ಚಿಕ್ಕಂದಿನಲ್ಲಿ ಹಂಡೆಯ ಒಲೆಗೆ ಬಿದ್ದು ಸುಟ್ಟ ಕಲೆ ಒಂದಿದೆ. ಅದು ಎಡಗೈಯೋ ಬಲಗೈಯೋ ನೆನಪಾಗಲಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ಕೈಯೂ ಅಷ್ಟೇ ಮಸುಕು. "ಮೀಡಿಯಂ ಕೊಡಿ" ಅಂದೆ. "ಮೀಡಿಯಂ ಅಂತ ಇರಲ್ಲ ಸಾರ್. ಎರಡು ನಾಲ್ಕಾ, ಎರಡು ಆರಾ, ಎರಡು ಎಂಟಾ?" ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಹಳೆಯ ಬಳೆ ಮೂರನ್ನು ಗಾಜಿನ ಮೇಲಿಟ್ಟರು. ಮೂರು ಸೊಸೆಯರದು. ಮಾತಿಲ್ಲದೆ ಅವರ ವ್ಯಾಪಾರ ಮುಗಿಯಿತು. ನಾನು ಬರಿಗೈಯಲ್ಲಿ ಹೊರಗೆ ಬಂದೆ.

ನನ್ನ ಕೆಲಸವೇ ಅಳೆಯುವುದು. ಪೀಣ್ಯದ ಟೂಲ್ ರೂಮೊಂದರಲ್ಲಿ ಇನ್‌ಸ್ಪೆಕ್ಷನ್ ನೋಡುತ್ತೇನೆ. ಲೇತಿನಿಂದ ಇಳಿದ ಬುಷ್ಷಿನ ಒಳವ್ಯಾಸ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಆಚೀಚೆಯಾದರೂ ಹಿಂದಕ್ಕೆ ಕಳಿಸಬೇಕು. ಹಾಗಾಗಿ ಬಳೆಯ ಲೆಕ್ಕ ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಎರಡು ನಾಲ್ಕು ಅಂದರೆ ಎರಡು ಇಂಚು, ಅದರ ಮೇಲೆ ಇಂಚನ್ನು ಹದಿನಾರು ಭಾಗ ಮಾಡಿ ಅದರಲ್ಲಿ ನಾಲ್ಕು. ಒಳವ್ಯಾಸ 57 ಮಿಲಿಮೀಟರು ಚಿಲ್ಲರೆ. ಎರಡು ಆರು 60.3. ಎರಡು ಎಂಟು 63.5. ಒಂದರಿಂದ ಇನ್ನೊಂದಕ್ಕೆ 3 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಷ್ಟರೊಳಗೆ ಬಳೆ ಕೈಗೆ ಏರುತ್ತದೆ, ಇಲ್ಲವೆ ಗೆಣ್ಣಿನ ಮೇಲೆ ಚೂರಾಗುತ್ತದೆ. ಇಷ್ಟು ತಿಳಿದೂ ನಮ್ಮ ಮನೆಯ ಹೆಂಗಸರಲ್ಲಿ ಒಬ್ಬರ ಕೈಯೂ ನನಗೆ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಅಮ್ಮನಿಗೆ. ಅಮ್ಮ 2024ರ ಬೇಸಗೆಯಲ್ಲಿ ಹೋದಳು. ಆ ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ. ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಗೌರಿ 2025ರ ಆಗಸ್ಟ್ 26ರದು. ತವರಿನ ಬಾಗಿನ ಕಳಿಸುವ ಹೊಣೆ ಆಗ ನನ್ನ ಹೆಗಲಿಗೆ ಬಂತು.

ಗೌರಿಯ ಕಥೆ ನಮ್ಮ ಹಳೇ ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಭಾದ್ರಪದದ ತದಿಗೆಯ ದಿನ ಅವಳು ತವರಿಗೆ ಬರುತ್ತಾಳೆ; ಚೌತಿಯ ದಿನ ಮಗ ಗಣಪ ಕರೆದುಕೊಂಡು ಹೋಗಲು ಬರುತ್ತಾನೆ. ಒಂದೇ ರಾತ್ರಿಯ ತವರು. ಆ ಒಂದು ರಾತ್ರಿಯ ಲೆಕ್ಕದಲ್ಲೇ ಊರಿನ ಎಲ್ಲ ಹೆಣ್ಣುಮಕ್ಕಳಿಗೂ ತವರಿನಿಂದ ಏನಾದರೂ ಹೋಗಬೇಕು. ನಾನು 1988ರಲ್ಲಿ ತಿಪಟೂರು ಕಡೆಯ ನಮ್ಮೂರು ಬಿಟ್ಟು ಪೀಣ್ಯಕ್ಕೆ ಬಂದೆ. ಮೊದಲ ವರ್ಷಗಳಲ್ಲಿ ಅಕ್ಕನಿಗೆ ಐವತ್ತು ರೂಪಾಯಿ ಮನಿಯಾರ್ಡರ್ ಮಾಡುತ್ತಿದ್ದೆ. ಆ ಫಾರಮ್ಮಿನ ತುದಿಯಲ್ಲಿ ನಾಲ್ಕು ಮಾತು ಬರೆಯುವಷ್ಟು ಜಾಗ. "ಗೌರಿ ಹಬ್ಬಕ್ಕೆ. ಎಲ್ಲರೂ ಕ್ಷೇಮ" ಎಂದಷ್ಟೇ ಬರೆದದ್ದು. ಪೋಸ್ಟ್‌ಮ್ಯಾನ್ ಆ ತುಂಡನ್ನು ಹರಿದು ದುಡ್ಡಿನ ಜೊತೆ ಅವಳಿಗೆ ಕೊಡುತ್ತಿದ್ದ. ವಾರ ಕಳೆದ ಮೇಲೆ ಅವಳು ಸಹಿ ಹಾಕಿದ ಚೀಟಿ ನನಗೆ ಬರುತ್ತಿತ್ತು. ಮೂರನೇ ಕ್ಲಾಸಿಗೇ ಬಿಟ್ಟವಳ ಸಹಿ. ಒಂದೊಂದು ಅಕ್ಷರವೂ ಒಂದೊಂದು ಕಡೆ ವಾಲಿರುತ್ತಿತ್ತು. ಈಗ ಫೋನಿನಲ್ಲಿ ಕ್ಷಣದಲ್ಲಿ ದುಡ್ಡು ಹೋಗುತ್ತದೆ, ತಲುಪಿತೆಂದು ಫೋನೇ ಹೇಳುತ್ತದೆ. ನನಗೆ ಆ ವಾಲಿದ ಅಕ್ಷರಗಳು ಬೇಕು.

ಅಪ್ಪ ಹೋದ ಮೇಲೆ 2004ರಲ್ಲಿ ಅಮ್ಮ ದಾಸರಹಳ್ಳಿಯ ನಮ್ಮ ಮನೆಗೆ ಬಂದಳು. ಆಗ ಇದು ನಗರಸಭೆಯ ಊರು. ಬೆಂಗಳೂರು ಪಾಲಿಕೆಗೆ ಸೇರಿದ್ದು 2007ರಲ್ಲಿ. ಬಸ್ಸಿನವರು ಈಗಲೂ ಎಂಟನೇ ಮೈಲಿ ಎಂದೇ ಕೂಗುತ್ತಾರೆ. ತುಮಕೂರು ರಸ್ತೆಯಲ್ಲಿ ಬಸ್ಸಿಳಿದು ಕಾರ್ಖಾನೆ ಸೇರಿಕೊಂಡ ನಮ್ಮಂಥವರೇ ಇಲ್ಲಿ ಬೀದಿ ತುಂಬ. ಗೌರಿಗೆ ಹತ್ತು ದಿನ ಇರುವಾಗ ರಸ್ತೆಬದಿಯಲ್ಲಿ ಬಿದಿರ ಮೊರಗಳ ರಾಶಿ ಏಳುತ್ತದೆ, ಅರಿಶಿನ ಬಳಿದವು, ಬಳಿಯದವು. ಅಮ್ಮ ಬಳಿದದ್ದನ್ನು ತರಲು ಬಿಡುತ್ತಿರಲಿಲ್ಲ. ಬಣ್ಣದ ಕೆಳಗೆ ಬಿರುಕಿದ್ದರೆ ಕಾಣುವುದಿಲ್ಲ ಎನ್ನುತ್ತಿದ್ದಳು. ಪ್ರತಿ ಮೊರವನ್ನೂ ಬೆಳಕಿಗೆ ಹಿಡಿದು ಹೆಣಿಗೆ ನೋಡುತ್ತಿದ್ದಳು. ನಾನು ಬುಷ್ ನೋಡುವಂತೆಯೇ.

ಬಾಗಿನ ತುಂಬುವುದನ್ನು ಅವಳು ಹಿಂದಿನ ದಿನ ಮಧ್ಯಾಹ್ನ ಊಟವಾದ ಮೇಲೆ ಶುರು ಮಾಡುತ್ತಿದ್ದಳು. ನೆಲದ ಮೇಲೆ ಹಳೇ ಪಂಚೆ ಹಾಸಿ ಮೊರಗಳನ್ನು ಜೋಡಿಸುವುದು. ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ರವೆ, ಒಂದೊಂದೂ ಪೊಟ್ಟಣ ಕಟ್ಟಿ. ಅಚ್ಚುಬೆಲ್ಲ. ತೆಂಗಿನಕಾಯಿ ನಮ್ಮ ತೋಟದ್ದು, ತಿಪಟೂರಿನ ಕಾಯಿ, ಜುಟ್ಟು ಬಿಟ್ಟು ಸುಲಿದದ್ದು. ವೀಳ್ಯದೆಲೆ, ಅಡಿಕೆ, ಅರಿಶಿನದ ಕೊಂಬು, ಕುಂಕುಮ. ಕನ್ನಡಿ, ಬಾಚಣಿಗೆ, ಬಿಚ್ಚೋಲೆ, ಕರಿಮಣಿ. ರವಿಕೆ ಕಣ. ಕೊನೆಗೆ ಬಳೆ. ಬಳೆ ಮಾತ್ರ ಎಲ್ಲ ಮೊರಕ್ಕೂ ಒಂದೇ ಅಲ್ಲ; ಕಾಗದ ಬಿಚ್ಚಿ, ಬೆರಳಿಗೆ ಸಿಕ್ಕಿಸಿ ನೋಡಿ, "ಇದು ದೊಡ್ಡೋಳ್ದು, ಇದು ಚಿಕ್ಕೋಳ್ದು" ಎಂದು ಇಡುತ್ತಿದ್ದಳು. ಆಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಕಟ್ಟುವುದು. ಅಮ್ಮ ವಿಧವೆ, ತುಂಬುವವಳು ಅವಳೇ, ಸೆರಗು ಹಿಡಿದು ಕೊಡುವವಳು ನನ್ನ ಹೆಂಡತಿ. ಇದನ್ನು ಯಾರೂ ಮಾತಾಡಿ ಗೊತ್ತುಮಾಡಿದ್ದಲ್ಲ.

ಮುಚ್ಚುವ ಮೊದಲು ಅವಳು ಶಾಸ್ತ್ರದಲ್ಲಿಲ್ಲದ ಇನ್ನೊಂದು ವಸ್ತು ಇಡುತ್ತಿದ್ದಳು. ಮೈಸೂರು ಸ್ಯಾಂಡಲ್ ಸೋಪು. ಅದ್ಯಾಕಮ್ಮ ಎಂದು ಒಮ್ಮೆ ಕೇಳಿದೆ. "ಮೊರದಾಗಿರೋದೆಲ್ಲ ಮನೆಗಾಯ್ತದೆ. ಬೇಳೆ ಗಂಡನ ಮನೆ ಸಾರಿಗೆ, ಬೆಲ್ಲ ಪಾಯಸಕ್ಕೆ. ಇದೊಂದು ಅವಳ ಮೈಗೆ" ಅಂದಳು.

ಆ ಮಾತು ಕೇಳಿದಾಗ ನಾನು ತಲೆಯಾಡಿಸಿ ಎದ್ದುಹೋಗಿದ್ದೆ. ಬಳೆಪೇಟೆಯಿಂದ ಬರಿಗೈಯಲ್ಲಿ ಬಂದ ಸಂಜೆ ಮೆಟ್ರೋದಲ್ಲಿ ಅದು ಮತ್ತೆ ಬಂತು. 2017ರ ಜೂನಿನಲ್ಲಿ ಸುರಂಗದ ದಾರಿ ತೆರೆದ ಮೇಲೆ ದಾಸರಹಳ್ಳಿಗೂ ಚಿಕ್ಕಪೇಟೆಗೂ ಒಂದೇ ರೈಲು. ಅಮ್ಮನನ್ನು ಹಬ್ಬದ ವ್ಯಾಪಾರಕ್ಕೆ ಅದರಲ್ಲೇ ಕರೆದುಕೊಂಡು ಹೋಗುತ್ತಿದ್ದೆ. ದಾರಿಯಲ್ಲಿ ಒಂದು ನಿಲ್ದಾಣದ ಹೆಸರೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಅಲ್ಲಿ ಬಾಗಿಲು ತೆರೆದಾಗಲೆಲ್ಲ ಅಮ್ಮ ಮೂಗು ಅರಳಿಸುತ್ತಿದ್ದಳು. ಮೊದಲ ಮಹಾಯುದ್ಧದ ಕಾಲಕ್ಕೆ ಗಂಧದ ಕೊರಡು ಯೂರೋಪಿಗೆ ಹೋಗದೆ ಇಲ್ಲೇ ರಾಶಿ ಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ನಾಡಿನಲ್ಲೇ ಎಣ್ಣೆ ತೆಗೆಸಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆ ಕಲಿತು ಬಂದರು. ಮೊಟ್ಟೆಯಾಕಾರದ ಆ ಬಿಲ್ಲೆ, ಒಡವೆಯ ಪೆಟ್ಟಿಗೆಯಂಥ ಆ ರಟ್ಟಿನ ಡಬ್ಬಿ, ನೂರು ವರ್ಷ ದಾಟಿ ಇವತ್ತಿಗೂ ಉಡುಗೊರೆಯ ಹಾಗೆಯೇ ಕಾಣುತ್ತದೆ. ಅಮ್ಮ ಅದನ್ನು ಸುಮ್ಮನೆ ಆರಿಸಿರಲಿಲ್ಲ.

ಮನೆಗಾಗುವುದು, ಅವಳಿಗಾಗುವುದು. ಈ ಎರಡು ಸಾಲು ಎಳೆದುಕೊಂಡು ಕೂತರೆ ನನ್ನ ಲೆಕ್ಕವೆಲ್ಲ ಮೊದಲ ಸಾಲಿಗೇ ಬಿತ್ತು. ಮದುವೆಯಾದಾಗಿನಿಂದ ದೀಪಾವಳಿಗೆ, ಬೋನಸ್ಸು ಬಂದಾಗ, ಹೆಂಡತಿಗೆಂದು ತಂದದ್ದು: ಮಿಕ್ಸಿ, ಐದು ಲೀಟರಿನ ಕುಕ್ಕರು, ಗ್ರೈಂಡರು, ನೀರಿನ ಫಿಲ್ಟರು. ಅವಳು ಸಂತೋಷಪಟ್ಟದ್ದು ನಿಜ. ನಾನು ಪ್ರೀತಿಯಿಂದ ತಂದದ್ದೂ ನಿಜ. ಆದರೆ ಆ ಮಿಕ್ಸಿಯಲ್ಲಿ ಅರೆದ ಚಟ್ನಿಯನ್ನು ಮೊದಲು ತಿಂದವನು ನಾನು. ಸೀರೆ ಅವಳಿಗೇ ಅಲ್ಲವೇ ಎಂದರೆ, ಅದರಲ್ಲೂ ಎಷ್ಟೋ ಸೀರೆ ಮಡಿಕೆ ಬಿಚ್ಚದೆ ಇನ್ನೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗುತ್ತದೆ. ರವಿಕೆ ಕಣದ ಮಾತಂತೂ ಹೆಂಗಸರಿಗೆಲ್ಲ ಗೊತ್ತು. ಅರಿಶಿನ ಕುಂಕುಮಕ್ಕೆ ಹೋದವರಿಗೆ ಕೊಡುವ ಆ ತುಂಡು ಬಟ್ಟೆ ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತದೆ. ದರ್ಜಿಯ ಕತ್ತರಿ ಕಾಣುವುದೇ ಇಲ್ಲ. ಯಾರಿಗೆ ಬೇಕಾದರೂ ಕೊಡಬಹುದಾದದ್ದು ಯಾರ ಬಳಿಯೂ ನಿಲ್ಲುವುದಿಲ್ಲ. ಬಳೆ ಹಾಗಲ್ಲ. ಎರಡು ನಾಲ್ಕರ ಬಳೆ ಎರಡು ಆರರ ಕೈಗೆ ಹೋಗದು.

ಹೋಗಿ ಕೇಳುವುದೆಂದು ತೀರ್ಮಾನಿಸಿದೆ. ಹೆಂಡತಿಯನ್ನು ಅಂದು ರಾತ್ರಿಯೇ ಕೇಳಿದೆ. ಎರಡು ನಾಲ್ಕು. "ಯಾಕೆ, ಈಗ ಕೇಳ್ತಿದೀರಲ್ಲ?" ಅಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಮಗಳು ಬಳೆ ತೊಡುವುದಿಲ್ಲ. ಯಶವಂತಪುರದ ಆಫೀಸಿಗೆ ಸ್ಕೂಟರಿನಲ್ಲಿ ಇದೇ ತುಮಕೂರು ರಸ್ತೆಯಲ್ಲಿ, ಲಾರಿಗಳ ನಡುವೆ ಹೋಗಿಬರುತ್ತಾಳೆ. ಅವಳ ಹೆಲ್ಮೆಟ್ಟು ನನ್ನದೇ ಹಳೆಯದು. ತಲೆ ತಿರುಗಿಸಿದರೆ ಅದು ತಿರುಗುತ್ತಿರಲಿಲ್ಲ. ಟೇಪು ಹಿಡಿದು ಹುಬ್ಬಿನ ಮೇಲಿಂದ ಅಳೆದೆ. 56 ಸೆಂಟಿಮೀಟರು. ಅಷ್ಟಕ್ಕೆ ಸರಿಯಾದ ಐಎಸ್ಐ ಗುರುತಿನದನ್ನು ಅವಳೇ ಬಣ್ಣ ಆರಿಸಿ ತಂದಳು. ಅವಳ ಗೌರಿ ಬಾಗಿನ ಅದು. ಈಗ ಬೆಳಗ್ಗೆ ಅವಳು ಗೇಟು ದಾಟುವಾಗ ನನ್ನ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ.

ತಂಗಿ ಇರುವುದು ಬಾಗಲಗುಂಟೆಯಲ್ಲಿ, ನಮ್ಮ ಮನೆಯಿಂದ ಆಟೋದಲ್ಲಿ ಕಾಲು ಗಂಟೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಕಾಲರ್ ಕೂಡಿಸುತ್ತಾಳೆ. ಗಂಟೆಗಿಷ್ಟು ಪೀಸು ಎಂದು ಗುರಿ. ಎಸ್, ಎಂ, ಎಲ್ ಎಂದು ಕಾಣದ ದೇಶದ ಕಾಣದ ಹೆಂಗಸರ ಅಳತೆಯೆಲ್ಲ ಅವಳ ಬೆರಳ ತುದಿಯಲ್ಲಿದೆ. "ನಂದು ಎರಡಾರು ಅಣ್ಣ. ಆದ್ರೆ ಮಿಷಿನ್ ಹತ್ರ ಗಾಜಿನ ಬಳೆ ಆಗಲ್ಲ. ಬಟ್ಟೆಗೆ ಸಿಕ್ಕಾಕ್ಕೊಳ್ತವೆ, ಒಡೆದ್ರೆ ಚೂರು ಪೀಸೊಳಗೆ ಹೋಗ್ತದೆ." ಸರಿ, ಮತ್ತೇನು ಬೇಕು ಹೇಳು ಎಂದೆ. ಅವಳು ತುಂಬ ಹೊತ್ತು ಹೇಳಲಿಲ್ಲ. ಕಾಫಿ ಕೊಟ್ಟಳು, ಲೋಟ ತೊಳೆದಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ, "ಒಂದಿನ ಕರೀರಿ ಅಣ್ಣ" ಅಂದಳು.

ಮೊದಲಿಗೆ ನನಗೆ ಅರ್ಥವಾಗಲಿಲ್ಲ. ವಾರಕ್ಕೊಮ್ಮೆಯಾದರೂ ಬರುತ್ತಾಳಲ್ಲ, ಬಂದು ಸೊಪ್ಪು ಬಿಡಿಸಿ ಹೋಗುತ್ತಾಳಲ್ಲ. ಅವಳು ಕೇಳಿದ್ದು ಬರುವುದನ್ನಲ್ಲ, ಕರೆಯುವುದನ್ನು. ಅಕ್ಕ ದೂರದಲ್ಲಿದ್ದಾಳೆ, ಅದಕ್ಕೆ ಅವಳಿಗೆ ತವರಿದೆ, ಬಾಗಿನ ಹೊತ್ತು ಹೋಗುವವರಿದ್ದಾರೆ. ಮೂರು ಕಿಲೋಮೀಟರಿನಲ್ಲಿರುವವಳ ಮೊರವನ್ನು ನಾವು "ಬಂದಾಗ ತಗೊಂಡು ಹೋಗು" ಎಂದು ಬಾಗಿಲ ಸಂದಿಯಲ್ಲಿಟ್ಟಿರುತ್ತಿದ್ದೆವು.

ನಮ್ಮ ಮೇಲಿನ ಮನೆಯಾಕೆ ಬಾಗಲಕೋಟೆ ಕಡೆಯವರು. ಅವರ ಕಡೆ ಗೌರಿಗಿಂತ ಪಂಚಮಿ ದೊಡ್ಡದು. ಶ್ರಾವಣದಲ್ಲಿ ಅವರು ಉಂಡಿ ತಂದುಕೊಟ್ಟಾಗ ಹೇಳಿದ ಮಾತು ಆಗ ನೆನಪಾಯಿತು: "ಪಂಚಮಿಗೆ ಅಣ್ಣ ಕರಿಲಾಕ ಬರಬೇಕ್ರಿ. ಸೀರಿ ಆಮ್ಯಾಲ. ಅಣ್ಣ ಬಂದು ಬಾಗಲದಾಗ ನಿಂತ ಅಂದ್ರ ಹಬ್ಬ ಆತು." ಅವರ ಪೆಟ್ಟಿಗೆಯಲ್ಲಿ ತವರಿನ ಇಳಕಲ್ ಸೀರೆ ಒಂದಿದೆ, ಜೊತೆಗೆ ಗುಳೇದಗುಡ್ಡದ ಖಣದ ಕುಬಸ. ಸೆರಗಿನ ಹಾಸನ್ನೂ ಮೈಯ ಹಾಸನ್ನೂ ಬೇರೆ ಬೇರೆ ಇಟ್ಟು, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಕಸುಬು ಇಳಕಲ್ ಸೀರೆಯದು, ತೋಪು ತೆನೆ. ಕೂಡಿಸಿದ ಗುರುತು ಎಲ್ಲಿದೆ ಎಂದು ಅವರು ಸೆರಗು ಬಿಡಿಸಿ ತೋರಿಸಿದ್ದರು. ಈ ಸೆರಗು ಆ ಒಂದು ಸೀರೆಗೇ.

ಹೋಗಿ ಕರೆದೆವು. ನಾನೂ ನನ್ನ ಹೆಂಡತಿಯೂ ಕುಂಕುಮದ ಬಟ್ಟಲು ಹಿಡಿದು, ತಂಗಿಯ ಗಂಡನ ಎದುರಿಗೆ, ಹಬ್ಬದ ಹಿಂದಿನ ಸಂಜೆಯೇ ಬಂದು ಇರಬೇಕೆಂದು. ಗಣೇಶನಿಗೆ ರಜೆ ಇರುತ್ತದೆ, ಗೌರಿಗೆ ಕಾರ್ಖಾನೆಯಲ್ಲಿ ರಜೆ ಇಲ್ಲ. ಅವಳು ಒಂದು ದಿನದ ರಜೆ ಹಾಕಿದಳು. ಗೌರಿಯ ದಿನ ನಮ್ಮ ಮನೆಯಲ್ಲಿ ಅವಳು ಎದ್ದದ್ದು ಎಂಟೂವರೆಗೆ. ಅವಳಿಗೆ ಒಂದು ಲೋಟ ಎತ್ತಿಡಲೂ ನನ್ನ ಹೆಂಡತಿ ಬಿಡಲಿಲ್ಲ.

ಅಕ್ಕನ ವಿಷಯ ಬೇರೆ. ಬಳೆಪೇಟೆಗೆ ಒಯ್ದ ಚೀಟಿಯಲ್ಲಿ ಅಕ್ಕನ ಹೆಸರಿನ ಮುಂದೆ ಸೀರೆ, ಸೋಪು ಎಂದಿತ್ತು. ಬಳೆ ಎಂದು ಇರಲಿಲ್ಲ. 2021ರ ಎರಡನೇ ಅಲೆಯಲ್ಲಿ ಭಾವ ಹೋದರು. ಆ ವರ್ಷದ ಗೌರಿಗೆ ಅಮ್ಮ ಅಕ್ಕನಿಗೆಂದು ಮೊರ ತುಂಬಲೇ ಇಲ್ಲ. ಬಟ್ಟೆಯ ಚೀಲದಲ್ಲಿ ಸೀರೆ, ಕಾಯಿ, ಬೆಲ್ಲ ಹಾಕಿದಳು. ಸೋಪು ಎರಡು ಹಾಕಿದಳು. ಮೊದಲು ಒಂದಿರುತ್ತಿದ್ದುದು ಎರಡಾಯಿತು. ಮೂರು ಗೌರಿ ಹಾಗೇ ನಡೆಯಿತು. ಅಮ್ಮ ತಾನು ಏನನ್ನು ಬಿಟ್ಟಿದ್ದಳೋ ಮಗಳೂ ಅದನ್ನು ಬಿಡಬೇಕಾಯಿತು ಎಂದು ಆ ಎರಡನೇ ಸೋಪಿನಲ್ಲಿ ಅತ್ತಿದ್ದಳೆಂದು ಈಗ ನನಗನ್ನಿಸುತ್ತದೆ. ಅಪ್ಪ ಹೋದ ಮೇಲಿನ ಇಪ್ಪತ್ತು ವರ್ಷ ಅಮ್ಮನ ಕೈಯಲ್ಲಿ ಗಾಜಿನ ಬಳೆ ಇರಲಿಲ್ಲ. ಅವಳ ಅಳತೆ ಎಷ್ಟೆಂದು ನಾನು ಕೇಳಲಿಲ್ಲ. ಇನ್ನು ತಿಳಿಯುವುದಿಲ್ಲ.

ಅಕ್ಕನಿಗೆ ಫೋನು ಮಾಡಿದೆ. ಬೆಳೆ, ಮಳೆ, ಕೊಬ್ಬರಿಯ ರೇಟು ಎಲ್ಲ ಮುಗಿದ ಮೇಲೆ, "ಅಕ್ಕ, ನಿನ್ನ ಕೈಯಳತೆ ಎಷ್ಟು?" ಎಂದೆ.

ಆ ಕಡೆ ಹಸುವಿನ ಕೊರಳ ಗಂಟೆ ಮಾತ್ರ ಕೇಳುತ್ತಿತ್ತು. ನಾನು ತಪ್ಪು ಮಾಡಿದೆನೆಂದು ಹೆದರಿದೆ.

"ಗೊತ್ತಿಲ್ಲ ಕಣೋ" ಅಂದಳು. "ಆಗ ಎರಡಾರಿತ್ತು. ನಾಕು ವರ್ಸ ಆತಲ್ಲ, ಈಗ ಕೈ ಏನಾಗೈತೋ."

ಬೇಡ ಅನ್ನಲಿಲ್ಲ. ಆ ಮಾತಿನಲ್ಲಿ ಬೇಡ ಎಂಬುದು ಎಲ್ಲಾದರೂ ಇತ್ತೇ ಎಂದು ಎರಡು ದಿನ ಹುಡುಕಿದೆ. ಸಿಗಲಿಲ್ಲ.

ಇದು ನಾನೊಬ್ಬನೇ ಕಂಡ ಹೊಸ ದಾರಿಯಲ್ಲ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಾಲಯದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕಿಯರನ್ನಾಗಿ ನೇಮಿಸಿದರು. ದೇವರ ಆರತಿ ಎತ್ತುವ ಕೈಗೆ ಬಳೆ ನಿಷಿದ್ಧವೆಂದು ಹೇಗೆ ಹೇಳುವುದು? ಹಾಗೆಂದು ಅಕ್ಕನ ಊರು ಮಂಗಳೂರಲ್ಲ. ನಾನು ಬಳೆ ಕೊಟ್ಟು ಸಂಜೆಯ ಬಸ್ಸಿಗೆ ಹೊರಟುಬಿಡುವವನು, ಬೆಳಗ್ಗೆ ನಲ್ಲಿಯ ಹತ್ತಿರ ನಾಲ್ಕು ಜನರ ಎದುರು ನಿಲ್ಲಬೇಕಾದವಳು ಅವಳು. ಕೊಡುವುದಷ್ಟೇ ನನ್ನದು, ತೊಡುವುದು ಅವಳ ಇಷ್ಟ ಎಂದು ಗಟ್ಟಿ ಮಾಡಿಕೊಂಡೆ. ಬಳೆಪೇಟೆಗೆ ಮತ್ತೆ ಹೋದೆ. ಎರಡು ನಾಲ್ಕು, ಎರಡು ಆರು, ಎರಡು ಎಂಟು, ಮೂರು ಅಳತೆಯಲ್ಲೂ ಒಂದೊಂದು ಡಜನ್ ಹಸಿರು ಗಾಜಿನವು ತಗೊಂಡೆ.

ಆಗಸ್ಟ್ 24, ಭಾನುವಾರ. ಎಂಟನೇ ಮೈಲಿಯಲ್ಲಿ ಬಸ್ಸು ಹತ್ತಿದವನು ಮೊರವನ್ನು ತಿಪಟೂರಿನವರೆಗೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಚೀಲವಲ್ಲ, ಮೊರ. ಅಮ್ಮನ ಹಾಗೆ ಬಣ್ಣ ಬಳಿಯದ್ದು, ಬೆಳಕಿಗೆ ಹಿಡಿದು ನೋಡಿ ತಂದದ್ದು.

ಅಕ್ಕ ಜಗುಲಿಯ ಮೇಲೆ ಅವರೆಕಾಯಿಯ ಬಿತ್ತನೆಬೀಜ ಆರಿಸುತ್ತಿದ್ದಳು. ಮೊರ ನೋಡಿದಳು, ನನ್ನನ್ನು ನೋಡಿದಳು, "ಒಳಿಕ್ಕೆ ಬಾ" ಅಂದಳು. ನಡುಮನೆಯಲ್ಲಿ ದಾರ ಬಿಚ್ಚಿದೆವು. ಬೇಳೆಯ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟಳು. ಬಳೆಯ ಕಾಗದ ಸಿಕ್ಕಿದಾಗ ಕೈ ನಿಂತಿತು. ನಾನು ಏನಾದರೂ ಹೇಳಬೇಕಿತ್ತು. ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತು ಯಾವುದೂ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವಳ ಸೊಸೆ ಒಳಗೆ ಹೋಗಿ ಒಂದು ಚೊಂಬು ನೀರು ತಂದಳು. ಮೊರದಲ್ಲಿದ್ದ ಸೋಪಿನ ಡಬ್ಬಿ ಬಿಚ್ಚಿ ನೊರೆ ಮಾಡಿ, "ಕೈ ಕೊಡ್ರತ್ತೆ" ಅಂದಳು.

ಎರಡು ನಾಲ್ಕು ಬೆರಳಲ್ಲೇ ನಿಂತಿತು. ಎರಡು ಆರು ಗೆಣ್ಣಿನವರೆಗೆ ಬಂದು ನಿಂತಿತು. ಸೊಸೆ ಒತ್ತಿದಳು, ಅಕ್ಕ ಕಣ್ಣು ಮುಚ್ಚಿದಳು, ಒಂದು ಬಳೆ ಟಿಕ್ ಎಂದಿತು. ಕಾಯಿ ಸುಲಿದು, ಗರಿ ಸೀಳಿ, ಹಗ್ಗ ಎಳೆದ ಬಲಗೈ. ಗೆಣ್ಣುಗಳು ಊದಿಕೊಂಡಿದ್ದವು, ಹೆಬ್ಬೆರಳ ಬುಡ ಅಂಗೈಯೊಳಕ್ಕೆ ಪೂರ್ತಿ ಮಡಿಯುತ್ತಿರಲಿಲ್ಲ. ಈ ಕೈಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೇ ಅಂದು. ಎರಡು ಎಂಟು ಗಂಧದ ನೊರೆಯಲ್ಲಿ ಜಾರಿ ಮಣಿಕಟ್ಟಿಗೆ ಇಳಿಯಿತು. ಒಂದಾದ ಮೇಲೊಂದು ಆರು. ಎಡಗೈಗೂ ಅದನ್ನೇ ಹಾಕಿದರೆ ಮೊಣಕೈಯವರೆಗೆ ಓಡಾಡಿದವು. ಎಡಗೈ ಇನ್ನೂ ಹಳೆಯ ಎರಡು ಆರರಲ್ಲೇ ಇತ್ತು.

ಅಕ್ಕ ಸೆರಗಿನಿಂದ ಎರಡೂ ಕೈ ಒರೆಸಿಕೊಂಡಳು. ಎದ್ದು ಹೋಗಿ ಜಗುಲಿಯ ಮೇಲೆ, ಬಿಟ್ಟಿದ್ದ ಜಾಗದಲ್ಲೇ ಕೂತು ಮತ್ತೆ ಬೀಜ ಆರಿಸತೊಡಗಿದಳು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ನಿಂತು ನೋಡಿ, "ತಮ್ಮ ಬಂದನಾ?" ಅಂದಳು. "ಹೂಂ, ಗೌರಿ ಹಬ್ಬಲ್ಲವಾ" ಅಂದಳು ಅಕ್ಕ. ಆಮೇಲೆ ತಲೆ ಎತ್ತದೆ ನನಗೆ, "ಬರಕೊಳೋ, ಮರೀತೀಯ" ಅಂದಳು.

ಕಾರ್ಖಾನೆಯ ಅಳತೆ ಬರೆಯುವ ಪುಟ್ಟ ಪುಸ್ತಕ ಜೇಬಿನಲ್ಲಿತ್ತು. ಹೆಂಡತಿ, ತಂಗಿ, ಮಗಳು ಆಗಲೇ ಅದರಲ್ಲಿದ್ದರು. ಕೆಳಗೆ ಬರೆದೆ: ಅಕ್ಕ, ಬಲಗೈ ಎರಡು ಎಂಟು, ಎಡಗೈ ಎರಡು ಆರು.